ಹೊಸ್ತಿಲಿಗೆ ಉಳಿದದ್ದು ಎರಡು ಬೆರಳು

ನಮ್ಮ ಊರಿನಲ್ಲಿ ಮೆಟ್ಟಿಲು ಎಣಿಸಿಯೇ ಹೆಣ್ಣು ಕೊಡುವುದು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಬೀದಿಯಿಂದ ಹೊಸ್ತಿಲಿಗೆ ಆರು ಮೆಟ್ಟಿಲುಗಳಿದ್ದವು. ನಮ್ಮಪ್ಪ ಒಂದೊಂದನ್ನೂ ಊರುಗೋಲಿನಿಂದ ತಟ್ಟಿ ನೋಡಿ, "ಆರು ಮೆಟ್ಟಿಲಿನ ಮನೆ, ಇಂದುಮತಿ. ನಿನ್ನ ಮಕ್ಕಳ ಕಾಲಕ್ಕೂ ಯೋಚನೆಯಿಲ್ಲ" ಎಂದಿದ್ದರು. ಅವರು ಹೋಗಿ ಹನ್ನೆರಡು ವರ್ಷವಾಯಿತು. ಈಗ ಮೆಟ್ಟಿಲು ಒಂದೂ ಉಳಿದಿಲ್ಲ. ನಾನು ಹೇಳಹೊರಟಿರುವ ತಿಂಗಳು ಶುರುವಾದಾಗ ಹೊಸ್ತಿಲ ಕಲ್ಲು ಬೀದಿಯ ಕಲ್ಲಿಗಿಂತ ಎರಡು ಬೆರಳು ಮೇಲಿತ್ತು, ಅಷ್ಟೆ.

ಕರೆಂಟು ಖರ್ಚಾದಷ್ಟು ಮನೆ ಇಳಿಯುತ್ತದೆ. ಬೇರೆ ಊರುಗಳಲ್ಲಿ ಚೀಟಿ ಬರೆದುಕೊಟ್ಟು ದುಡ್ಡು ತೆಗೆದುಕೊಳ್ಳುತ್ತಾರೆಂದು ಕೇಳಿದ್ದೇನೆ. ನಮ್ಮಲ್ಲಿ ನೆಲವೇ ತೆಗೆದುಕೊಳ್ಳುತ್ತದೆ. ಹಳೇ ಪೇಟೆಯಲ್ಲಿ, ತಂತಿ ಕೀಳುವ ಕಾನೂನು ಬರುವ ಮುಂಚೆಯೇ ಇಳಿದುಹೋದ ಮನೆಗಳಿವೆ. ಅಲ್ಲಿಯವರು ಕಿಟಕಿಯನ್ನೇ ಬಾಗಿಲು ಮಾಡಿಕೊಂಡು, ಒಳಗಡೆ ಏಣಿ ಇಟ್ಟುಕೊಂಡಿದ್ದಾರೆ. ಬೀದಿಯ ಬೆಕ್ಕುಗಳು ಹಾರುವ ಗೋಜಿಲ್ಲದೆ ನಡೆದುಕೊಂಡೇ ಅವರ ಹೆಂಚಿನ ಮೇಲೆ ಹೋಗಿ ಮಲಗುತ್ತವೆ. ನೆಂಟರ ಮನೆಗೆ ಹೊರಟವರು ಫೋನು ಪೂರ್ತಿ ತುಂಬಿಸಿಕೊಂಡು ಹೋಗುವುದು ಮರ್ಯಾದೆ. ಹೋದ ಮನೆಯಲ್ಲಿ ಕುಳಿತು "ಚಾರ್ಜರಿದೆಯಾ" ಎಂದು ಕೇಳುವುದೆಂದರೆ ಅವರ ಮನೆಯ ನೆಲದಲ್ಲಿ ಪಾಲು ಕೇಳಿದ ಹಾಗೆ. ಮದುವೆ ಮುರಿದ ಉದಾಹರಣೆಗಳಿವೆ.

ತಿಂಗಳ ಒಂದನೇ ತಾರೀಖು ಕರೆಂಟಿನ ಕಚೇರಿಯಿಂದ ಚೆಲುವಯ್ಯ ಬರುತ್ತಾನೆ. ಹಿತ್ತಾಳೆ ತುದಿಯ ಕೋಲು, ಹೆಗಲ ಮೇಲೊಂದು ಟವೆಲ್ಲು. ಟವೆಲ್ಲನ್ನು ಬೀದಿಗೆ ಹಾಸಿ, ಅದರ ಮೇಲೆ ಬೋರಲು ಮಲಗಿ, ಹೊಸ್ತಿಲಿಗೆ ಕಣ್ಣಿಟ್ಟು ಅಳೆಯುತ್ತಾನೆ. ಹೊಸ್ತಿಲು ಬೀದಿಗೆ ಸಮವಾದ ದಿನ ತಂತಿ ಕಿತ್ತುಕೊಂಡು ಹೋಗುತ್ತಾನೆ. ಮತ್ತೆ ಆ ಮನೆಗೆ ಎಂದೆಂದಿಗೂ ಕರೆಂಟಿಲ್ಲ. ಹಾಗಾದವರು ಬದುಕಿಲ್ಲವೆಂದಲ್ಲ. ಎಣ್ಣೆದೀಪ ಹಚ್ಚಿಕೊಂಡು, ಬೀಸಣಿಗೆ ಹಿಡಿದುಕೊಂಡು ನಗುನಗುತ್ತಲೇ ಇದ್ದಾರೆ. ಆದರೆ ನನ್ನ ಕಿವಿ ಎಣ್ಣೆಯಿಂದ ತುಂಬುವುದಿಲ್ಲ.

ನನಗೆ ನಲವತ್ತೈದು ದಾಟುವಾಗಲೇ ಕಿವಿ ಮಂದವಾಯಿತು. ಕಾವ್ಯ ಓದುವವರ ಕಾಲಬುಡದಲ್ಲಿ ಕುಳಿತು ಬೆಳೆದವಳು ನಾನು. ನಮ್ಮಪ್ಪನ ಜಗುಲಿಯಲ್ಲಿ ಸಂಜೆ ಓದು ಶುರುವಾದರೆ ಅನ್ನ ಬೇಕೆಂಬುದೂ ನೆನಪಾಗುತ್ತಿರಲಿಲ್ಲ. ನನಗೆ ಹಾಡಲು ಬಾರದು, ನಾಲ್ಕು ಜನರ ಎದುರು ಮಾತಾಡಲೂ ಬಾರದು. ಕೇಳಲು ಬರುತ್ತದೆ, ಅಷ್ಟೆ. ದೇವರು ನನಗೆ ಕೊಟ್ಟದ್ದು ಅದೊಂದೇ ಕೆಲಸ, ಅದನ್ನೂ ವಾಪಸು ಕೇಳುತ್ತಿದ್ದಾನೆ ಎಂದುಕೊಂಡಿದ್ದೆ. ಆಗ ನನ್ನ ಮಗಳು ನಳಿನಿ ಎರಡು ವರ್ಷ ಸೀರೆಗಳಿಗೆ ಕುಚ್ಚು ಕಟ್ಟಿ, ಆ ದುಡ್ಡಿನಲ್ಲಿ ಒಂದು ಜೊತೆ ಕಿವಿ ಮಿಷನ್ನು ತಂದುಕೊಟ್ಟಳು. ಹುಣಸೆಬೀಜದಷ್ಟು ಪುಟ್ಟವು. ಸಂಜೆ ಊಟವಾದ ಮೇಲೆ ತೆಗೆದು ಅವುಗಳ ಡಬ್ಬಿಯಲ್ಲಿಟ್ಟು ಪ್ಲಗ್ಗಿಗೆ ಹಾಕಬೇಕು. ಬೆಳಗಿನವರೆಗೂ ಡಬ್ಬಿಯ ಮೇಲೆ ಒಂದು ಹಸಿರು ದೀಪ ಉರಿಯುತ್ತಿರುತ್ತದೆ.

ಇಷ್ಟು ವರ್ಷ ತಿಂಗಳಿಗೆ ಕಾಲು ಬೆರಳು, ಹೆಚ್ಚೆಂದರೆ ಅದಕ್ಕಿಂತ ಒಂದು ಗೆರೆ ಹೆಚ್ಚು ಇಳಿಯುತ್ತಿದ್ದ ಮನೆ, ಹೋದ ನಾಲ್ಕು ತಿಂಗಳಿಂದ ತಿಂಗಳಿಗೆ ಒಂದು ಬೆರಳಿನಂತೆ ಇಳಿಯತೊಡಗಿತು. ಅದೂ ಸಮನಾಗಿ ಅಲ್ಲ. ಅಡುಗೆಮನೆಯಲ್ಲಿ ನೆಲದ ಮೇಲೆ ನಿಂಬೆಹಣ್ಣು ಇಟ್ಟರೆ ಉರುಳಿಕೊಂಡು ನಡುಮನೆಗೆ ಬರುತ್ತಿತ್ತು. ನನ್ನ ಯಜಮಾನರು ಶ್ರೀಪಾದರಾಯರಿಗೆ ನಿದ್ದೆ ಹೋಯಿತು. ಪೇಟೆಯಲ್ಲಿ ಅವರದು ಕನ್ನಡಕದ ಅಂಗಡಿ. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಮನುಷ್ಯ. ಲೋಕದಲ್ಲಿ ಕೆಡುವುದೆಲ್ಲ ಸಣ್ಣದರಿಂದಲೇ ಕೆಡುತ್ತದೆಂದು ನಂಬಿದವರು. ನಾಲ್ಕು ತಿಂಗಳ ಹಿಂದೆ ಮನೆಯಲ್ಲಿ ಹೊಸದಾಗಿ ಏನಾಯಿತೆಂದು ಯೋಚಿಸಿದರು. ನಳಿನಿ ಹೊಸ ಫೋನು ಕೊಂಡಿದ್ದಳು.

ಎದುರು ಮನೆಯ ನಾಗಲಮ್ಮ ಅದಕ್ಕೆ ಒಗ್ಗರಣೆ ಹಾಕಿದರು. ಅವರದು ಇಂದಿಗೂ ನಾಲ್ಕು ಮೆಟ್ಟಿಲಿನ ಮನೆ. ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ, ಕೆಳಗೆ ನಿಂತಿದ್ದ ನನಗೆ ಹೇಳಿದರು. "ನೋಡೇ ಇಂದುಮತಿ, ಗೀಸರ್ರು, ಮಿಕ್ಸಿ ಇವೆಲ್ಲಾ ಗದ್ದಲ ಮಾಡ್ಕೊಂಡು ತಿನ್ನುತ್ವೆ, ಗೊತ್ತಾಗುತ್ತೆ. ಈ ಚಾರ್ಜರು ಇದೆಯಲ್ಲ, ಗೋಡೇಲಿ ಸುಮ್ನೆ ಕೂತಿರುತ್ತೆ. ಫೋನು ಕಿತ್ಕೊಂಡ್ರೂ ಅದು ತಿನ್ನೋದು ಬಿಡಲ್ಲ. ಬಾಯಿ ಮುಚ್ಕೊಂಡು ತಿನ್ನೋರನ್ನ ಮನೇಲಿ ಇಟ್ಕೋಬಾರದು ಕಣೇ. ನಾವು ಏಕಾದಶಿ ಏಕಾದಶಿಗೆ ಚಾರ್ಜರಿಗೂ ಉಪವಾಸ ಹಾಕ್ತೀವಿ. ನಾಲ್ಕು ಮೆಟ್ಟಿಲು ಸುಮ್ನೆ ಉಳಿದ್ವು ಅಂದ್ಕೊಂಡ್ಯಾ?"

ಮನೆಗೆ ಬಂದು ಹೇಳಿದಾಗ ನಳಿನಿ ನಕ್ಕಳು. "ಅವ್ರ ಮನೇಲಿ ಫ್ಯಾನ್ ಹಾಕೋದೇ ನೆಂಟರು ಎದ್ದು ಹೋದ್ಮೇಲೆ. ಅದಕ್ಕೆ ಮೆಟ್ಟಿಲು ಉಳಿದಿರೋದು, ಚಾರ್ಜರಿಂದಲ್ಲ." ಯಜಮಾನರು ನಗಲಿಲ್ಲ. ಒಂದು ಬಿಸ್ಕತ್ತಿನ ತಗಡಿನ ಡಬ್ಬ ಹುಡುಕಿ, ಮನೆಯಲ್ಲಿದ್ದ ಚಾರ್ಜರುಗಳನ್ನೆಲ್ಲ ಅದರಲ್ಲಿ ತುಂಬಿ, ದೇವರ ಗೂಡಿನ ಪಕ್ಕ ಇಟ್ಟರು. ಗೋಡೆಯ ಪ್ಲಗ್ಗುಗಳಿಗೆ ಕೆಂಪು ದಾರ ಕಟ್ಟಿದರು. ಸಂಜೆ ಆರರಿಂದ ಆರೂವರೆ ಮಾತ್ರ ಫೋನಿಗೆ ಸಮಯ. ಅದೂ ನೂರರವರೆಗೆ ಹೋಗುವಂತಿಲ್ಲ, ಎಂಬತ್ತು ಆದ ಕೂಡಲೇ ಕೀಳಬೇಕು. ಕುರ್ಚಿ ಹಾಕಿಕೊಂಡು ಫೋನಿನ ಎದುರು ಕುಳಿತು ಅವರು ಕಾಯುವುದನ್ನು ನೋಡಿ ನಳಿನಿ, "ಅಪ್ಪಾ, ಇದೇನು ಮಗೂಗೆ ಹಾಲು ಕುಡಿಸ್ತಿದೀರಾ? ನನ್ನ ಆರ್ಡರೆಲ್ಲ ಇದ್ರಲ್ಲೇ ಬರೋದು. ಮಧ್ಯಾಹ್ನದೊತ್ತಿಗೇ ಸತ್ತು ಮಲಗಿರುತ್ತೆ" ಎಂದಳು. "ಮನೆ ಮಲಗಿದ್ರೆ ಯಾವ ಆರ್ಡರು ಬಂದು ಏನಮ್ಮಾ ಮಾಡೋದು?" ಎಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು.

ನನ್ನ ಕಿವಿಯ ಡಬ್ಬಿಯನ್ನು ಅವರು ಮುಟ್ಟಲಿಲ್ಲ. ಅದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ನನ್ನ ಹಾಸಿಗೆಯ ತಲೆದೆಸೆಯಲ್ಲಿ, ದಾರ ಕಟ್ಟದೇ ಬಿಟ್ಟಿದ್ದ ಒಂದೇ ಪ್ಲಗ್ಗಿನಲ್ಲಿ ಅದು ದಿನವೂ ತುಂಬಿಕೊಳ್ಳುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಹಸಿರು ದೀಪ. ಬಾಯಿ ಮುಚ್ಚಿಕೊಂಡು ತಿನ್ನುವವರು ಎಂದ ನಾಗಲಮ್ಮನ ಮಾತು ನೆನಪಾಗಿ, ಯಾರೂ ಏಳುವ ಮೊದಲೇ ಮಿಷನ್ನುಗಳನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದೆ.

ಆ ತಿಂಗಳು ಹನ್ನೊಂದನೇ ತಾರೀಖು ನಮ್ಮತ್ತೆ ಗೋದಮ್ಮನವರು ನನ್ನನ್ನು ಕರೆದು, "ಇವತ್ತು ಶುರು ಮಾಡ್ತೀನಿ ಕಣೇ" ಎಂದರು. ಅವರಿಗೆ ಎಂಬತ್ತೆರಡು. ನಮ್ಮ ಊರಮ್ಮನ ಕಾವ್ಯವನ್ನು ಪೂರ್ತಿ ಬಾಯಲ್ಲಿ ಹೇಳಬಲ್ಲವರು ಊರಿನಲ್ಲಿ ಅವರೊಬ್ಬರೇ ಉಳಿದಿದ್ದಾರೆ. ಆ ಕಾವ್ಯದ ಕೊನೆಯ ಭಾಗಕ್ಕೆ ಒಳಗಿನ ಸಂಧಿ ಎನ್ನುತ್ತಾರೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಬರೆಯುವಂತಿಲ್ಲ. ಅತ್ತೆಯ ಬಾಯಿಂದ ಸೊಸೆಯ ಕಿವಿಗೆ ಬರಬೇಕು. ನಲವತ್ತು ಪದ್ಯ, ದಿನಕ್ಕೊಂದು, ಸಂಜೆ ಏಳಕ್ಕೆ. ಒಂದು ದಿನವೂ ನಿಲ್ಲಬಾರದು. ಹೇಳುವವರು "ಕೇಳಿಸಿತೇ" ಎನ್ನಬಾರದು, ಕೇಳುವವರು "ಇನ್ನೊಮ್ಮೆ" ಎನ್ನಬಾರದು. ನಮ್ಮತ್ತೆ ತಮ್ಮ ಅತ್ತೆಯಿಂದ ಹಾಗೆಯೇ ಪಡೆದವರು. ಮೂವತ್ತು ವರ್ಷದಿಂದ ನಾನು ಈ ಕರೆಗೆ ಕಾದಿದ್ದೆ. ಕೇಳಲಷ್ಟೇ ಬರುವವಳಿಗೆ ಇದಕ್ಕಿಂತ ಹೆಚ್ಚಿನದು ಯಾವುದಿದೆ?

ಹನ್ನೊಂದು ದಿನ ಕೇಳಿದೆ. ನಡುಮನೆಯಲ್ಲಿ ಚಾಪೆ ಹಾಸಿ, ಅತ್ತೆ ಗೋಡೆಗೆ ಒರಗಿ, ನಾನು ಎದುರಿಗೆ. ಅವರ ದನಿ ತೆಳ್ಳಗಾಗಿದೆ, ಆದರೆ ಅಳತೆ ತಪ್ಪುವುದಿಲ್ಲ. ಮೂರನೆಯ ಸಾಲು ಮುಗಿಯುವಲ್ಲಿ ಉಸಿರು ಬಿಟ್ಟು ನಿಲ್ಲುತ್ತಾರೆ. ಆ ನಿಲುಗಡೆಯಲ್ಲೇ ಪದ್ಯ ಎದೆಗೆ ಇಳಿಯುವುದು. ರಾಗ ಎಳೆಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಎಲ್ಲಿ ನಿಲ್ಲಬೇಕೆಂದು ಗೊತ್ತಿರುವವರು ಕಡಿಮೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಹನ್ನೊಂದು ಪದ್ಯಗಳೂ ಒಂದಕ್ಷರ ಜಾರದೆ ನನ್ನೊಳಗೆ ಕುಳಿತವು.

ಹನ್ನೊಂದನೆಯ ಪದ್ಯದ ದಿನ ಬೆಳಗ್ಗೆ ಯಜಮಾನರು ಹೊಸ್ತಿಲ ಬಳಿ ಬೋರಲು ಮಲಗಿದ್ದನ್ನು ಕಂಡೆ. ಐವತ್ತೆಂಟು ವರ್ಷದ ಮನುಷ್ಯ, ಧೂಳಿನಲ್ಲಿ ಕೆನ್ನೆಯಿಟ್ಟು, ಅಂಗಡಿಯ ಭೂತಗನ್ನಡಿ ಹಿಡಿದು ಹೊಸ್ತಿಲು ನೋಡುತ್ತಿದ್ದರು. ನನ್ನನ್ನು ನೋಡಿ ಎದ್ದು ಅಂಗಿ ಒದರಿಕೊಂಡರು. "ಚಾರ್ಜರೆಲ್ಲ ಡಬ್ಬದಲ್ಲಿವೆ. ಇನ್ನೂ ಇಳೀತಾನೇ ಇದೆ. ಇನ್ನೇನು ಉಳಿದಿದೆ ಇಂದೂ?" ಎಂದರು. ನನಗೆ ನನ್ನ ಡಬ್ಬಿಯ ಹಸಿರು ದೀಪ ಕಣ್ಣೆದುರು ಬಂತು. ಅವರು ನನ್ನನ್ನು ಕೇಳುತ್ತಿರಲಿಲ್ಲ, ಗಾಳಿಯನ್ನು ಕೇಳುತ್ತಿದ್ದರು. ಆದರೂ ಉತ್ತರ ನನ್ನ ಬಳಿಯೇ ಇದೆ ಅನ್ನಿಸಿತು.

ಅಂದು ಲೆಕ್ಕ ಹಾಕಿದೆ. ನಾನು ಕಿವಿ ತುಂಬಿಸುತ್ತ ಹೋದರೆ ಸಂಧಿ ಮುಗಿಯುವ ಮೊದಲೇ ಹೊಸ್ತಿಲು ಬೀದಿಗೆ ಮುಟ್ಟಬಹುದು. ಆಗ ತಂತಿ ಹೋಗುತ್ತದೆ, ಕಿವಿಯೂ ಹೋಗುತ್ತದೆ, ಮನೆಯವರಿಗೆಲ್ಲ ಕತ್ತಲು. ತುಂಬಿಸದಿದ್ದರೆ ಮನೆಯಾದರೂ ಉಳಿದೀತು, ಆದರೆ ಪದ್ಯಗಳು ನನ್ನ ಮುಂದೆಯೇ ಬಂದು ಹೊರಗೆ ಹೋಗುತ್ತವೆ. ಯಾರನ್ನು ಕೇಳಲಿ? ದೇವರ ಮುಂದೆ ಕುಳಿತೆ. ದೇವರೂ ಅಂದು ನನ್ನ ಹಾಗೆಯೇ, ಕೇಳುವುದಷ್ಟೇ, ಮಾತಿಲ್ಲ. ಸಂಜೆ ಪದ್ಯ ಕೇಳಿ, ಊಟ ಮಾಡಿ, ಮಿಷನ್ನುಗಳನ್ನು ತೆಗೆದು ಡಬ್ಬಿಯಲ್ಲಿಟ್ಟೆ. ಡಬ್ಬಿಯ ವೈರನ್ನು ಸುತ್ತಿ ಸೀರೆಗಳ ಕೆಳಗೆ ಇಟ್ಟುಬಿಟ್ಟೆ. ಯಾರಿಗೂ ಹೇಳಲಿಲ್ಲ.

ಒಂಬತ್ತು ದಿನ ಹಾಗೇ ಕಳೆದವು. ನಾನು ಮೊದಲೇ ಮಾತು ಕಡಿಮೆಯವಳು, ಹಾಗಾಗಿ ಮನೆಯವರಿಗೆ ತಿಳಿಯಲಿಲ್ಲ. ಪಾತ್ರೆಯ ಸದ್ದಿಲ್ಲ, ಬಳೆಯ ಸದ್ದಿಲ್ಲ. ಹಾಲು ಉಕ್ಕಿದ್ದು ವಾಸನೆಯಿಂದ ಗೊತ್ತಾಗುತ್ತಿತ್ತು. ಫ್ರಿಜ್ಜಿನಲ್ಲಿಟ್ಟ ದೋಸೆಹಿಟ್ಟು ಎರಡೇ ದಿನಕ್ಕೆ ಹುಳಿ ಬರುತ್ತಿತ್ತು, ಮೂಸಿ ನೋಡಿ ಹವೆ ಕೆಟ್ಟಿದೆ ಎಂದುಕೊಂಡೆ. ಯಾರಾದರೂ ಮುಖ ನೋಡಿ ಮಾತಾಡಿದರೆ ತುಟಿ ನೋಡಿ ಹೂಂ ಅನ್ನುತ್ತಿದ್ದೆ. ಸಂಜೆ ಏಳಕ್ಕೆ ಚಾಪೆಯ ಮೇಲೆ ಅತ್ತೆಯ ಎದುರು ಕೂರುವುದು ಮಾತ್ರ ಬೆಂಕಿಯ ಎದುರು ಕೂತಂತಿತ್ತು. ಅವರ ತುಟಿ ಆಡುತ್ತಿತ್ತು, ಗಂಟಲು ಏರಿ ಇಳಿಯುತ್ತಿತ್ತು. ನಾನು ಕಣ್ಣು ಕೀಲಿಸಿ ಕೂತು ತಲೆಯಾಡಿಸುತ್ತಿದ್ದೆ. ಒಂದೆರಡು ಸಲ, ನಿನ್ನೆಯೂ ಇವತ್ತೂ ಅದೇ ಜಾಗದಲ್ಲಿ ತುಟಿ ಕೂಡುತ್ತಿವೆಯಲ್ಲ ಅನ್ನಿಸಿತು. ಎಲ್ಲ ಪದ್ಯಗಳೂ ಒಂದೇ ಅಳತೆಯವು, ಕಿವಿ ಇಲ್ಲದ ಕಣ್ಣಿಗೆ ಒಂದೇ ಥರ ಕಾಣುತ್ತವೆ ಎಂದು ಸಮಾಧಾನ ಮಾಡಿಕೊಂಡೆ. ದಿನ ಕಳೆದಂತೆ ಬೆರಳು ಮಡಚುತ್ತಿದ್ದೆ. ಹನ್ನೆರಡು ಹೋಯಿತು. ಹದಿಮೂರು ಹೋಯಿತು. ಇಪ್ಪತ್ತೂ ಹೋಯಿತು. ಮುಂದೆ ನನ್ನ ಸೊಸೆಯೆಂದು ಯಾರಾದರೂ ಬಂದು ಎದುರು ಕುಳಿತರೆ, ಅಥವಾ ನಳಿನಿಯೇ ಕೇಳಿದರೆ, ನಡುವೆ ಒಂಬತ್ತು ಪದ್ಯಗಳ ಜಾಗದಲ್ಲಿ ಏನು ಹೇಳಲಿ? ಮನೆ ಉಳಿಯಲಿ ಎಂದು ಗುಡಿಯ ತಳಗಲ್ಲು ಕಿತ್ತೆನೇ?

ಒಂದನೇ ತಾರೀಖು ಬಂತು. ಬೆಳಗ್ಗೆ ಹತ್ತಕ್ಕೆ ಚೆಲುವಯ್ಯ ಟವೆಲ್ಲು ಹಾಸಿ ಮಲಗಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಆತ ಎದ್ದು ಕೂತು ಯಜಮಾನರ ಕಡೆಗೆ ಒಂದು ಬೆರಳು ತೋರಿಸಿದ. ಒಂದೇ ಬೆರಳು ಉಳಿದಿದೆ ಎಂದು. ಒಂಬತ್ತು ದಿನ ನಾನು ಕಿವುಡಿಯಾಗಿ ಕೂತದ್ದಕ್ಕೆ ಒಂದು ಗೆರೆಯೂ ಉಳಿದಿರಲಿಲ್ಲ.

ಅಲ್ಲಿ ನಡೆದ ಮಾತು ಆಮೇಲೆ ನಳಿನಿ ಹೇಳಿದ್ದು. ಯಜಮಾನರು, "ಸಾಧ್ಯವೇ ಇಲ್ಲ ಚೆಲುವಯ್ಯ, ಇನ್ನೊಂದ್ಸಲ ನೋಡಪ್ಪ" ಎಂದರಂತೆ. "ಸ್ವಾಮಿ, ನನ್ ಕೋಲಿಗೆ ನಿಮ್ ಮೇಲೇನು ಸಿಟ್ಟಿದೆಯಾ?" ಎಂದನಂತೆ ಅವನು. "ಚಾರ್ಜರು ಒಂದೂ ಗೋಡೇಲಿಲ್ಲ ಕಣಯ್ಯ, ಎಲ್ಲಾ ಡಬ್ಬದಲ್ಲಿ!" ಎಂದು ಇವರು ತಗಡಿನ ಡಬ್ಬ ತಂದು ತೋರಿಸಿದಾಗ ಚೆಲುವಯ್ಯ ನಕ್ಕುಬಿಟ್ಟನಂತೆ. "ಅಯ್ಯೋ ಸ್ವಾಮಿ, ಇದನ್ನಾ ಜೈಲಿಗೆ ಹಾಕಿರೋದು? ಮುಗಿದ್ಮೇಲೆ ತೆಗೆದಿಡೋದು ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ನಾನು ಇಪ್ಪತ್ತೆರಡು ವರ್ಷದಿಂದ ಮನೆ ಅಳೀತಾ ಇದೀನಿ. ಒಂದು ಫೋನು ವರ್ಷ ಪೂರ್ತಿ ಕುಡುದ್ರೂ ಮನೆ ಒಂದು ಅಕ್ಕಿಕಾಳಿನಷ್ಟು ಇಳೀಬಹುದು. ಖಾಲಿ ಚಾರ್ಜರು ಗೋಡೇಲೇ ಇದ್ರೆ ಆ ಅಕ್ಕೀಲೊಂದು ನುಚ್ಚು. ತಿಂಗಳಿಗೆ ಬೆರಳು ನುಂಗೋದು ಬೇರೆ ಯಾವುದೋ ದೊಡ್ಡ ಬಾಯಿ. ಹುಡುಕಿ." ಯಜಮಾನರು ನಂಬಲಿಲ್ಲವಂತೆ. "ನಮ್ಮನೇಲಿ ಏನಿದೆ ದೊಡ್ಡದು? ಗೀಸರ್ರಿಲ್ಲ, ಸೌದೆ ಒಲೆ. ಮೂರು ದೀಪ, ಎರಡು ಫ್ಯಾನು. ಫ್ರಿಜ್ಜು ಹದಿನಾಲ್ಕು ವರ್ಷದ್ದು, ಒಂದು ದಿನ ತೊಂದರೆ ಕೊಟ್ಟಿಲ್ಲ" ಎಂದರಂತೆ.

ಹೋಗುವ ಮುನ್ನ ಚೆಲುವಯ್ಯ ನನ್ನ ಕಡೆ ತಿರುಗಿ ಏನೋ ಕೇಳಿದ. ಬಿಸಿಲು ಅವನ ಬೆನ್ನ ಹಿಂದಿತ್ತು, ತುಟಿ ಕಾಣಲಿಲ್ಲ. ಹೂಂ ಎಂದು ನಕ್ಕೆ. ಮತ್ತೆ ಕೇಳಿದ. ಮತ್ತೆ ನಕ್ಕೆ. ಮೂರನೆಯ ಸಲ ಅವನು ಬೊಗಸೆ ಬಾಯಿಗೆ ಹಿಡಿದಾಗ ಕುಡಿಯಲು ನೀರು ಎಂದು ತಿಳಿಯಿತು. ಅಷ್ಟರಲ್ಲಿ ನಳಿನಿ ಒಳಗಿನಿಂದ ಬಂದವಳು ನನ್ನ ಮುಖ ನೋಡಿದಳು. ಹತ್ತಿರ ಬಂದು ನನ್ನ ಕಿವಿಯ ಮೇಲಿನ ಕೂದಲು ಸರಿಸಿದಳು. ಆ ಕಡೆಯದನ್ನೂ ಸರಿಸಿದಳು. ಅವಳ ಕಣ್ಣು ತುಂಬಿದ್ದು ಕೇಳಿಸಿಕೊಳ್ಳಲು ಮಿಷನ್ನು ಬೇಕಿರಲಿಲ್ಲ.

ಒಳಗೆ ಜಗಳ ನಡೆಯಿತು. ಅವಳ ಕೈಬೀಸಿನಿಂದಲೇ ಅದರ ಅಳತೆ ನನಗೆ ಗೊತ್ತಾಯಿತು. "ನನ್ನ ಫೋನು ಕಿತ್ಕೊಂಡ್ರಿ, ಸುಮ್ನಿದ್ದೆ. ಅಮ್ಮನ ಕಿವೀಗೂ ಕೈ ಹಾಕಿದ್ರಾ ಅಪ್ಪಾ?" ಎಂದಳಂತೆ. ನಾನು ಅಡ್ಡ ಹೋಗಿ, "ಅವ್ರು ಹೇಳಲಿಲ್ಲ ಕಣೇ, ನಾನಾಗೇ ತೆಗೆದಿಟ್ಟಿದ್ದು" ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೋ ಏನೋ, ಇಬ್ಬರೂ ಬೆಚ್ಚಿದರು. ಯಜಮಾನರು ಸೀರೆಗಳ ಕೆಳಗಿನಿಂದ ಡಬ್ಬಿ ತೆಗೆದರು. ತಲೆದೆಸೆಯ ಪ್ಲಗ್ಗಿಗೆ ಹೋಗಲಿಲ್ಲ. ನಡುಮನೆಯ ಪ್ಲಗ್ಗಿಗೆ ತಾವೇ ಕಟ್ಟಿದ್ದ ಕೆಂಪು ದಾರವನ್ನು ಹಲ್ಲಿನಿಂದ ಕಡಿದು, ಎಲ್ಲರಿಗೂ ಕಾಣುವಂತೆ ಅಲ್ಲಿಯೇ ಹಾಕಿದರು. ನನ್ನ ಮುಖಕ್ಕೆ ನೇರ ತಿರುಗಿ, ತುಟಿ ಬಿಡಿಸಿ ಬಿಡಿಸಿ ಹೇಳಿದರು. "ಹೋದ್ರೆ ಹೋಗ್ಲಿ ಆ ಒಂದು ಬೆರಳು."

ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಮಿಷನ್ನುಗಳನ್ನು ಕಿವಿಗೆ ಇಟ್ಟುಕೊಂಡೆ. ಲೋಕ ಒಮ್ಮೆಗೇ ಒಳಗೆ ನುಗ್ಗಿತು. ನನ್ನದೇ ಬಳೆ. ದೇವರ ದೀಪದ ಬತ್ತಿ ಚಟಪಟ ಅಂದದ್ದು. ಅತ್ತೆ ಗಂಟಲು ಸರಿಮಾಡಿಕೊಂಡದ್ದು. ಒಂಬತ್ತು ದಿನ ಉಪವಾಸವಿದ್ದ ಕಿವಿ ಒಂದೊಂದನ್ನೂ ರುಚಿ ನೋಡುತ್ತಿತ್ತು. ಚಾಪೆಯ ಮೇಲೆ ಕುಳಿತೆ. ಎಲ್ಲದರ ಹಿಂದೆ ಇನ್ನೊಂದು ಸದ್ದು ಇತ್ತು. ಅಡುಗೆಮನೆಯಿಂದ ಬರುವ ಗುಂಯ್‌ ಎಂಬ ಒಂದೇ ಎಳೆತ. ಅದು ಹೊಸದಲ್ಲ, ಮೊದಲೂ ಇದ್ದದ್ದೇ. ಗಡಿಯಾರದ ಸದ್ದಿನ ಹಾಗೆ, ಇದೆಯೆಂಬುದೇ ಮರೆತುಹೋಗುವ ಸದ್ದು. ಅದು ನಿಲ್ಲಲಿ, ಆಮೇಲೆ ಅತ್ತೆ ಶುರುಮಾಡಲಿ ಎಂದು ಕಾದೆ.

ನಿಲ್ಲಲಿಲ್ಲ. ಮನಸ್ಸಿನಲ್ಲೇ ತಾಳ ಹಾಕಿದೆ. ಒಂದು ಪದ್ಯದಷ್ಟು ಹೊತ್ತು, ಎರಡು ಪದ್ಯದಷ್ಟು, ಹತ್ತು. ಎಲ್ಲಿಯೂ ಉಸಿರು ಬಿಡಲಿಲ್ಲ. ಎಷ್ಟು ಒಳ್ಳೆಯ ಓದುಗನಾದರೂ ಹೀಗೆ ಓದಲಾರ. ಫ್ರಿಜ್ಜು ಹಿಂದೆಲ್ಲ ಹೀಗಿರಲಿಲ್ಲ. ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಟಕ್ಕೆಂದು ಮೈ ಕೊಡವಿ, ಸುಮ್ಮನಾಗಿ, ಮತ್ತೆ ಶುರುಮಾಡುತ್ತಿತ್ತು. ಆ ನಿಲುಗಡೆ ಯಾವಾಗ ಕಳೆದುಹೋಯಿತು? ಎದ್ದೆ. "ಎಲ್ಲಿಗೇ?" ಎಂದರು ಅತ್ತೆ. ಅಡುಗೆಮನೆಗೆ ಹೋದೆ.

ಫ್ರಿಜ್ಜಿನ ಮೇಲೆ ನಳಿನಿ ಕುಚ್ಚು ಕಟ್ಟಿದ ಹೊದಿಕೆಯೊಂದಿದೆ, ಮುಂದೆ ಅರ್ಧ ಬಾಗಿಲು ಮುಚ್ಚುವಂತೆ ಇಳಿಬಿಟ್ಟದ್ದು. ಅದನ್ನು ಎತ್ತಿದೆ. ಬಾಗಿಲು ಸರಿಯಾಗಿ ಒಂದು ಬೆರಳು ತೆರೆದಿತ್ತು. ಸಂದಿಯಿಂದ ತಣ್ಣನೆಯ ಗಾಳಿ ನನ್ನ ಪಾದದ ಮೇಲೆ ಸುರಿಯುತ್ತಿತ್ತು. ಒತ್ತಿ ಮುಚ್ಚಿದೆ. ಕೈ ಬಿಟ್ಟು ನೋಡುತ್ತ ನಿಂತೆ. ಬಾಗಿಲು ಮೆಲ್ಲಗೆ, ಯಾರೋ ಒಳಗಿನಿಂದ ಇಣುಕುವ ಹಾಗೆ, ಮತ್ತೆ ಅಷ್ಟೇ ತೆರೆದುಕೊಂಡಿತು. ನಿಂಬೆಹಣ್ಣು ಉರುಳುವ ಕಡೆಗೇ ಅದೂ ವಾಲಿತ್ತು. ಮನೆ ಇಳಿದದ್ದಕ್ಕೆ ನೆಲ ವಾಲಿತು, ನೆಲ ವಾಲಿದ್ದಕ್ಕೆ ಬಾಗಿಲು ಬಿಟ್ಟುಕೊಂಡಿತು, ಬಾಗಿಲು ಬಿಟ್ಟದ್ದಕ್ಕೆ ಹಗಲೂ ಇರುಳೂ ಓಡಿ ಓಡಿ ಮನೆಯನ್ನು ಇನ್ನಷ್ಟು ಇಳಿಸಿತು. ನಾಲ್ಕು ತಿಂಗಳು ನಾವು ಗೋಡೆಯ ಚಾರ್ಜರುಗಳನ್ನು ದಿಟ್ಟಿಸುತ್ತ ಇದರ ಮುಂದೆಯೇ ಓಡಾಡಿದ್ದೆವು.

"ಇಲ್ಲಿ ಬನ್ನಿ" ಎಂದು ಕೂಗಿದೆ. ಯಜಮಾನರು ಬಂದು ನೋಡಿದರು. ಬಾಗಿಲು ಮುಚ್ಚಿದರು, ಬಿಟ್ಟರು, ಅದು ತೆರೆದುಕೊಂಡಿತು. ಇನ್ನೊಮ್ಮೆ ಮುಚ್ಚಿ ಬಿಟ್ಟರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಳಿನಿ, "ದೊಡ್ಡ ಬಾಯಿ ಅಂದಿದ್ದ ಚೆಲುವಯ್ಯ. ಬಾಯಿ ಬಿಟ್ಕೊಂಡೇ ನಿಂತಿದೆ ನೋಡಿ" ಎಂದಳು. ಯಾರಿಗೂ ನಗು ಬರಲಿಲ್ಲ, ಅವಳಿಗೂ. ಫ್ರಿಜ್ಜಿನ ಮುಂದಿನ ಕಾಲುಗಳ ಕೆಳಗೆ ಏನಾದರೂ ಕೊಟ್ಟು ಎತ್ತಬೇಕಿತ್ತು. ಕಲ್ಲಿನ ಚೂರು ದಪ್ಪವಾಯಿತು, ರಟ್ಟು ಅಪ್ಪಚ್ಚಿಯಾಯಿತು. ಯಜಮಾನರು ಸುತ್ತ ನೋಡಿ, ಎದ್ದುಹೋಗಿ ಚಾರ್ಜರುಗಳ ಡಬ್ಬ ತಂದರು. ಅದರ ತಗಡಿನ ಮುಚ್ಚಳವನ್ನು ಕತ್ತರಿಯಿಂದ ಎರಡು ಮಾಡಿ, ಒಂದೊಂದನ್ನೂ ನಾಲ್ಕು ಮಡಿಕೆ ಮಡಚಿ, ಸುತ್ತಿಗೆಯಿಂದ ತಟ್ಟಿದರು. ನಾನೂ ನಳಿನಿಯೂ ಫ್ರಿಜ್ಜನ್ನು ಹಿಂದಕ್ಕೆ ಒರಗಿಸಿ ಹಿಡಿದೆವು. ಅವರು ಕಾಲುಗಳ ಕೆಳಗೆ ಮಡಿಕೆಗಳನ್ನು ತೂರಿಸಿದರು. ಬಾಗಿಲು ತಾನಾಗಿ ಬಂದು, ಮೆತ್ತಗೆ ಮುಚ್ಚಿಕೊಂಡು, ಮುಚ್ಚಿಕೊಂಡೇ ಉಳಿಯಿತು.

ಗುಂಯ್‌ ಎನ್ನುವುದು ಮಾತ್ರ ನಿಲ್ಲಲಿಲ್ಲ. ಒಳಗೆಲ್ಲ ಮತ್ತೆ ತಣ್ಣಗಾಗಬೇಕಲ್ಲ ಎಂದಳು ನಳಿನಿ. ಆದರೂ ನಂಬಿಕೆ ಬರಲಿಲ್ಲ. ಕೆಟ್ಟೇ ಹೋಗಿದ್ದರೆ? ಒಂದು ಬೆರಳು ಎಷ್ಟು ದಿನ? ತಂದೆ ಮಗಳು ಇಬ್ಬರೂ ಅಡುಗೆಮನೆಯಲ್ಲಿ ಫ್ರಿಜ್ಜಿನ ಎದುರು ಕಾಲು ಮಡಚಿ ಕುಳಿತು, ಓದು ಕೇಳಲು ಬಂದವರ ಹಾಗೆ ಅದನ್ನೇ ನೋಡುತ್ತಿದ್ದರು. ನಾನು ಚಾಪೆಗೆ ಬಂದೆ. ಏಳು ಯಾವಾಗಲೋ ದಾಟಿತ್ತು. ಅತ್ತೆ ಜಪಸರ ಎಣಿಸುತ್ತ ಕಾಯುತ್ತಿದ್ದರು. ಅವರೂ ಅದೇ ಸದ್ದನ್ನು ಕೇಳುತ್ತಿದ್ದರು ಎಂದು ಅವರ ತಲೆಯ ಓರೆಯಿಂದ ಗೊತ್ತಾಯಿತು.

ಎಷ್ಟು ಹೊತ್ತೋ. ಕೊನೆಗೆ ಅಡುಗೆಮನೆಯಲ್ಲಿ ಟಕ್ಕೆಂದಿತು. ಮನೆ ತುಂಬ ಮೌನ ಬಂದು ಕುಳಿತಿತು.

ಅತ್ತೆ ಜಪಸರ ಕೆಳಗಿಟ್ಟರು. ಅವರು ಬಾಯಿ ತೆರೆಯುವ ಮುಂಚೆ ನಾನು ಅವರ ಪಾದ ಹಿಡಿದುಕೊಂಡೆ. "ಅತ್ತೇ, ತಪ್ಪಾಯ್ತು. ಒಂಬತ್ತು ದಿನದಿಂದ ನನಗೇನೂ ಕೇಳಿಲ್ಲ. ಮಿಷನ್ನು ತೆಗೆದಿಟ್ಟಿದ್ದೆ, ಮನೆ ಇಳಿಯುತ್ತೆ ಅಂತ. ಸುಳ್ಳು ಸುಳ್ಳೇ ತಲೆ ಆಡಿಸ್ತಿದ್ದೆ. ಇನ್ನೊಮ್ಮೆ ಅನ್ನೋ ಹಾಗಿಲ್ಲ, ನನಗೆ ಗೊತ್ತು. ಒಂಬತ್ತು ಪದ್ಯ ನನ್ನಿಂದ ಹೋಯ್ತು. ಹನ್ನೆರಡರಿಂದ ಇಪ್ಪತ್ತರವರೆಗೂ ಹೋಯ್ತು."

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಕಿವಿಯ ಮಿಷನ್ನನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು, ಇದೆಯೋ ಇಲ್ಲವೋ ಎಂದು.

"ಮೂರನೇ ಸಾಲಿನ ಕೊನೆಗೆ ಕೇಳೋರೂ ಉಸಿರು ಬಿಡ್ತಾರೆ ಕಣೇ" ಎಂದರು. "ಮೂವತ್ತು ವರ್ಷ ಕಾವ್ಯದ ಉಳಿದ ಭಾಗ ಕೇಳುವಾಗ್ಲೂ ನೀನು ಒಂದು ದಿನ ಅದನ್ನ ತಪ್ಪಿಸಿರಲಿಲ್ಲ. ಹನ್ನೆರಡನೇದು ಹೇಳಿದ ಮೊದಲ ದಿನ ಎರಡನೇ ಸಾಲಿನ ನಡುವೇನೇ ಬಿಟ್ಬಿಟ್ಟೆ. ಅಲ್ಲೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ಹೇಳ್ತಾ ಇದ್ರಾ ಅತ್ತೇ?"

"ಕೇಳಿಸಿತೇ ಅಂತ ಕೇಳೋ ಹಾಗಿಲ್ಲ, ನಿಲ್ಲಿಸೋ ಹಾಗಿಲ್ಲ. ಏನು ಮಾಡ್ಲಿ? ದಿನಕ್ಕೊಂದು ಪದ್ಯ ಹೇಳ್ಬೇಕು ಅಂತಾರೆ, ನಿನ್ನೆ ಹೇಳಿದ್ದನ್ನೇ ಇವತ್ತು ಹೇಳ್ಬಾರದು ಅಂತ ಯಾರೂ ಅಂದಿಲ್ಲ." ಅವರ ಬೊಚ್ಚುಬಾಯಿಯಲ್ಲಿ ನಗು ಮೂಡಿತು. "ಒಂಬತ್ತು ದಿನದಿಂದ ಹನ್ನೆರಡರ ಹೊಸ್ತಿಲಲ್ಲೇ ನಿಂತಿದೀನಿ. ಕಾಲು ನೋವು ಬಂತು. ಈಗಲಾದ್ರೂ ಒಳಗೆ ಬರ್ಲೇನೇ?"

ಕಣ್ಣು ಒರೆಸಿಕೊಂಡು ನೆಟ್ಟಗೆ ಕುಳಿತೆ. ಅಡುಗೆಮನೆಯಿಂದ ತಂದೆ ಮಗಳು ಮೆಲ್ಲಗೆ ಬಂದು ಬಾಗಿಲಾಚೆ ನಿಂತರು. ಅವರು ಕೇಳುವಂತಿಲ್ಲವೆಂದು ನೆನಪಾಗಿ ಹಿಂದಕ್ಕೆ ಸರಿದರು. ಅತ್ತೆ ಕಣ್ಣು ಮುಚ್ಚಿ, ಒಂಬತ್ತು ಸಂಜೆ ನನ್ನೆದುರು ಬಂದು ಬಾಗಿಲು ತಟ್ಟಿ ಹೋಗಿದ್ದ ಆ ಪದ್ಯವನ್ನು ಎತ್ತಿಕೊಂಡರು.

"ಇಳಿವುದೆನ್ನಯ ಮನೆಯೆ ತಾಯೇ, ಇಳೆಯೊಳಗೆ ನೀನಿರಲು ಭಯವೇ..."

ಉಳಿದದ್ದನ್ನು ನಾನು ಬರೆಯುವಂತಿಲ್ಲ. ಬರೆದ ಈ ಎರಡು ಸಾಲಿಗೂ ಅತ್ತೆಯ ಅಪ್ಪಣೆ ಪಡೆದಿದ್ದೇನೆ. ಹೊರಗೆ ನಮ್ಮ ಹೊಸ್ತಿಲು ಬೀದಿಯಿಂದ ಒಂದೇ ಬೆರಳು ಮೇಲಿತ್ತು. ಇಳಿದ ನೆಲ ಮತ್ತೆ ಏರುವುದಿಲ್ಲ. ಸಂಧಿಯಲ್ಲಿ ಇನ್ನೂ ಇಪ್ಪತ್ತೆಂಟು ಸಂಜೆಗಳ ಪದ್ಯಗಳಿದ್ದವು, ಮುಂದಿನ ಒಂದನೇ ತಾರೀಖಿಗೆ ಚೆಲುವಯ್ಯ ಟವೆಲ್ಲು ಹಾಸುವವರೆಗೆ ನಮಗೆ ಏನೂ ತಿಳಿಯುವಂತಿರಲಿಲ್ಲ. ಅತ್ತೆಯ ದನಿ ಮೂರನೆಯ ಸಾಲಿನ ಅಂಚಿಗೆ ಬಂದು ನಿಂತಿತು. ಅಡುಗೆಮನೆಯಲ್ಲಿ ಸದ್ದಿಲ್ಲ. ಅವರು ಉಸಿರು ಬಿಟ್ಟರು, ನಾನೂ ಬಿಟ್ಟೆ.